ದಿದೆರೊನ ವಿಶ್ವಕೋಶಕ್ಕೆ ಕತ್ತರಿ ಹಾಕಿದ್ದು ಅವನ ಮುದ್ರಕನೇ: ಸಂಪಾದಕನಿಗೆ ಗೊತ್ತಾಗದೆ ಇದು ನಡೆದದ್ದು ಹೇಗೆ?

ಓದುಗೂಡು:
ಜ್ಞಾನೋದಯ ಯುಗದ ಮಾತು ಬಂದಾಗಲೆಲ್ಲ ವಾಲ್ಟೇರ್, ರೂಸೋ ಹೆಸರು ಮುಂದೆ ಬರುತ್ತದೆ. ದೆನಿ ದಿದೆರೊ ಮಾತ್ರ "ವಿಶ್ವಕೋಶ ಮಾಡಿದವನು" ಎಂಬ ಒಂದೇ ಸಾಲಿಗೆ ಮುಗಿದುಹೋಗುತ್ತಾನೆ. ಆ ವಿಶ್ವಕೋಶ, ಅಂದರೆ ಪ್ಯಾರಿಸ್ಸಿನ ಆನ್ಸಿಕ್ಲೊಪೆದಿ, 1751ರಿಂದ 1772ರವರೆಗೆ ಹೊರಬಂತು. ಬರಹದ್ದೇ 17 ಸಂಪುಟ, ಚಿತ್ರಫಲಕಗಳದ್ದು 11. ರಾಜನ ಮಂಡಳಿ, ಪ್ಯಾರಿಸ್ಸಿನ ನ್ಯಾಯಪೀಠ, ರೋಮಿನ ಪೋಪ್ ಮೂವರೂ ಅದರ ಮೇಲೆ ಮುಗಿಬಿದ್ದದ್ದು ಎಲ್ಲರಿಗೂ ಗೊತ್ತು. ಆದರೆ ಕೊನೆಯ ಹತ್ತು ಸಂಪುಟಗಳ ಬರಹವನ್ನು ಕದ್ದುಮುಚ್ಚಿ ತುಂಡರಿಸಿದ್ದು ಇವರ್ಯಾರೂ ಅಲ್ಲ, ಮುಖ್ಯ ಪ್ರಕಾಶಕನೂ ಮುದ್ರಕನೂ ಆದ ಆಂದ್ರೆ ಲೆ ಬ್ರೆಟನ್.

ತಿಳಿದವರಲ್ಲಿ ನನ್ನ ಪ್ರಶ್ನೆಗಳು ಇವು. ಪ್ರತಿ ಪುಟದ ಕರಡಚ್ಚನ್ನೂ ತಾನೇ ತಿದ್ದುತ್ತಿದ್ದ ಸಂಪಾದಕನಿಗೆ ಇದು ಗೊತ್ತಾಗದೇ ಹೋದದ್ದು ಹೇಗೆ? ಎಷ್ಟು ಕಳೆದುಹೋಯಿತು? 8ರಿಂದ 17ನೇ ಸಂಪುಟದ ಲೇಖನವೊಂದನ್ನು ಇವತ್ತು "ದಿದೆರೊ ಹೀಗೆ ಹೇಳಿದ" ಎಂದು ಉದ್ಧರಿಸಬಹುದೇ?

ಮೊಳೆಪೆಟ್ಟಿಗೆ:
ಮೊದಲ ಪ್ರಶ್ನೆಗೆ ಉತ್ತರ ಅಚ್ಚುಕೂಟದ ಕೆಲಸದ ಕ್ರಮದಲ್ಲೇ ಇದೆ.

ಇದು ಫೋಲಿಯೊ ಗಾತ್ರದ ಪುಸ್ತಕ. ದೊಡ್ಡ ಹಾಳೆಯನ್ನು ಒಂದೇ ಸಲ ಮಡಚಿದರೆ ಎರಡು ಎಲೆ, ನಾಲ್ಕು ಪುಟ. ಪುಟಕ್ಕೆ ಎರಡು ಅಂಕಣ. ಒಂದು ಸಂಪುಟಕ್ಕೆ ಸುಮಾರು 900 ಪುಟ ಎಂದಿಟ್ಟುಕೊಂಡರೆ 225 ಹಾಳೆ. ಕೊನೆಗೆ ನಿಂತ ಪ್ರತಿಗಳ ಸಂಖ್ಯೆ 4,225. ಗುಣಿಸಿ ನೋಡಿ: ಒಂದು ಸಂಪುಟಕ್ಕೇ ಒಂಬತ್ತೂವರೆ ಲಕ್ಷ ಹಾಳೆ, 500 ಹಾಳೆಯ ರೀಮಿನ ಲೆಕ್ಕದಲ್ಲಿ 1,900 ರೀಮು. ಅಷ್ಟೂ ಚಿಂದಿಬಟ್ಟೆ ಕೊಳೆಸಿ ಕೈಯಲ್ಲಿ ಎತ್ತಿದ ಕಾಗದ, ಅಷ್ಟೂ ಕೈಯಲ್ಲಿ ಎಳೆಯುವ ಮರದ ಯಂತ್ರ.

ಇಡೀ ಸಂಪುಟವನ್ನು ಒಟ್ಟಿಗೆ ಜೋಡಿಸಿಡುವಷ್ಟು ಸೀಸದ ಮೊಳೆ (ಒಂದೊಂದು ಅಕ್ಷರದ ಅಚ್ಚು) ಯಾವ ಅಚ್ಚುಕೂಟದಲ್ಲೂ ಇರುತ್ತಿರಲಿಲ್ಲ. ಹಾಗಾಗಿ ಕೆಲವು ಪುಟ ಜೋಡಿಸುವುದು, ಕರಡಚ್ಚು ತೆಗೆಯುವುದು, ತಿದ್ದುವುದು, ಸಂಪಾದಕನಿಂದ "ಮುದ್ರಿಸಬಹುದು" ಎಂದು ಸಹಿ ಪಡೆಯುವುದು, ಅಷ್ಟೂ ಪ್ರತಿ ಒತ್ತುವುದು, ಕೂಡಲೇ ಮೊಳೆ ಕಳಚಿ ಖಾನೆಗೆ ಸೇರಿಸಿ ಮುಂದಿನ ಪುಟಕ್ಕೆ ಹೋಗುವುದು. ದಿದೆರೊನ ಅಧಿಕಾರ ಆ ಸಹಿಯೊಂದಿಗೆ ಮುಗಿಯುತ್ತಿತ್ತು. ಸಹಿಯಾದ ಮೇಲೆ, ಯಂತ್ರಕ್ಕೆ ಏರುವ ಮುನ್ನ, ಜೋಡಿಸಿದ ಪುಟ ಮುದ್ರಕನ ಕೈಯಲ್ಲೇ ಇರುತ್ತಿತ್ತು. ಲೆ ಬ್ರೆಟನ್ ಮತ್ತು ಅವನ ಫೋರ್‌ಮನ್ ಕೈಯಾಡಿಸಿದ್ದು ಆ ನಡುವಿನ ಹೊತ್ತಿನಲ್ಲಿ. ಸಾಲುಗಳನ್ನು ಕಿತ್ತು, ಉಳಿದ ಎರಡು ತುದಿಗಳನ್ನು ಹೇಗೋ ಹೊಲಿದು, ಕೆಳಗಿನದನ್ನು ಮೇಲೆಳೆದು ಅಂಕಣ ಸರಿಮಾಡಿದರೆ ಆಯಿತು. ಅರ್ಥ ಕೆಟ್ಟರೂ ಪುಟ ಕೆಟ್ಟಂತೆ ಕಾಣುವುದಿಲ್ಲ. ಒತ್ತಿದ ಮೇಲೆ ಮೊಳೆ ಕಳಚಿಬಿಟ್ಟರೆ ಹಿಂದಿನ ರೂಪಕ್ಕೆ ಹೋಗುವ ದಾರಿಯೇ ಇಲ್ಲ. ಅಷ್ಟು ಸಾಲದು ಎಂಬಂತೆ ಕೈಬರಹದ ಮೂಲಗಳನ್ನೂ ಸುಟ್ಟರು ಎಂದು ದಿದೆರೊನ ಗೆಳೆಯ ಗ್ರಿಮ್ ಆಮೇಲೆ ಬರೆದಿಟ್ಟಿದ್ದಾನೆ.

ಎರಡು ವರ್ಷ ಗೊತ್ತಾಗದಿರಲು ಇನ್ನೊಂದು ಕಾರಣ ಗುಟ್ಟು. ಮೊದಲ ಏಳು ಸಂಪುಟಗಳು ಅಚ್ಚಾದ ಹಾಗೆ ಚಂದಾದಾರರ ಕೈಸೇರುತ್ತಿದ್ದವು. ಲೇಖಕನೊಬ್ಬ ತನ್ನ ಲೇಖನ ತೆರೆದು ನೋಡಿ ತಪ್ಪಿದ್ದರೆ ಅಂದೇ ಕೂಗೆಬ್ಬಿಸಬಹುದಿತ್ತು. 8ರಿಂದ 17ರವರೆಗಿನವು ಅಚ್ಚಾಗಿ ಉಗ್ರಾಣದಲ್ಲೇ ಉಳಿದವು, ಎಲ್ಲ ಮುಗಿದ ಮೇಲೆ ಒಟ್ಟಿಗೆ ಹೊರಬಿಡುವ ಯೋಜನೆಯಿಂದ. ಅಚ್ಚಾದ ಹಾಳೆಯನ್ನು ಹೊರಗಿನ ಒಂದು ಕಣ್ಣೂ ನೋಡಲಿಲ್ಲ. ದಿದೆರೊ ಮುಂದಿನ ಸಂಪುಟದ ಕರಡಚ್ಚಿನಲ್ಲಿ ಮುಳುಗಿರುತ್ತಿದ್ದ.

ಹಳೆಹೊತ್ತಗೆ:
ಮೊಳೆಪೆಟ್ಟಿಗೆಯವರು ಹೇಳಿದ ಆ ಗುಟ್ಟು ಯಾಕೆ ಬೇಕಾಯಿತು ಎಂಬುದನ್ನೂ ಸೇರಿಸಬೇಕು, ಇಲ್ಲವಾದರೆ ಲೆ ಬ್ರೆಟನ್‌ನ ಲೆಕ್ಕಾಚಾರ ಅರ್ಥವಾಗುವುದಿಲ್ಲ.

ಇದು ಮೊದಲಿಗೆ ಅನುವಾದದ ವ್ಯಾಪಾರವಾಗಿತ್ತು. ಲಂಡನ್ನಿನ ಎಫ್ರಾಯಿಮ್ ಚೇಂಬರ್ಸ್ 1728ರಲ್ಲಿ ತಂದ ಎರಡು ಸಂಪುಟದ ಕೋಶವನ್ನು ಫ್ರೆಂಚಿಗೆ ತರುವುದೆಂದು 1745ರಲ್ಲಿ ಶುರುವಾಯಿತು. ಅನುವಾದಕ ಜಾನ್ ಮಿಲ್ಸ್ ಜೊತೆ ಜಗಳವಾಗಿ ಲೆ ಬ್ರೆಟನ್ ಅವನಿಗೆ ಬೆತ್ತದಿಂದ ಹೊಡೆದ, ಅದು ಕೋರ್ಟಿಗೂ ಹೋಯಿತು. ಆಮೇಲೆ ಬ್ರಿಯಾಸ್ಸೋನ್, ದವೀದ್, ದ್ಯುರಾನ್ ಎಂಬ ಮೂವರು ಪುಸ್ತಕ ವ್ಯಾಪಾರಿಗಳನ್ನು ಪಾಲಿಗೆ ಸೇರಿಸಿಕೊಂಡ. 1747ರ ಅಕ್ಟೋಬರಿನಲ್ಲಿ ದಿದೆರೊ ಮತ್ತು ಗಣಿತಜ್ಞ ದಲಾಂಬೇರ್ ಸಂಪಾದಕರಾದರು. ದಿದೆರೊ ಲಾಂಗ್ರ್ ಊರಿನ ಚಾಕು-ಕತ್ತರಿ ಮಾಡುವ ಕುಶಲಕರ್ಮಿಯ ಮಗ. ಈ ವಿಷಯ ಮುಂದೆ ಬರುತ್ತದೆ, ನೆನಪಿರಲಿ.

1749ರಲ್ಲಿ "ಕುರುಡರ ಕುರಿತ ಪತ್ರ" ಎಂಬ ಪುಸ್ತಕ ಬರೆದದ್ದಕ್ಕೆ ದಿದೆರೊನನ್ನು ವ್ಯಾನ್ಸೆನ್ ಕೋಟೆಯಲ್ಲಿ ಮೂರು ತಿಂಗಳಿಗೂ ಹೆಚ್ಚು ಕೂಡಿಹಾಕಿದರು. ಬಿಡಿಸಲು ಓಡಾಡಿದವರಲ್ಲಿ ಪ್ರಕಾಶಕರೇ ಮುಂದೆ. ಅವರ ದುಡ್ಡೆಲ್ಲ ಅವನ ಮೇಲೆ ಕೂತಿತ್ತು. 1752ರಲ್ಲಿ ಮೊದಲ ಎರಡು ಸಂಪುಟಗಳಿಗೆ ನಿಷೇಧ ಬಂತು. 1757ರಲ್ಲಿ ದಮಿಯೇನ್ ಎಂಬವನು 15ನೇ ಲೂಯಿಗೆ ಚಾಕು ಹಾಕಿದ ಮೇಲೆ ಗಾಳಿಯೇ ಬದಲಾಯಿತು. ಏಳನೇ ಸಂಪುಟದಲ್ಲಿ ದಲಾಂಬೇರ್ ಬರೆದ ಜಿನೀವಾ ಲೇಖನ ಅಲ್ಲಿನ ಪಾದ್ರಿಗಳನ್ನೂ ರೂಸೋನನ್ನೂ ಕೆರಳಿಸಿತು. ದಲಾಂಬೇರ್ ಕೈಬಿಟ್ಟು ಹೊರಟ. 1759ರ ಮಾರ್ಚ್ 8ರಂದು ಮುದ್ರಣದ ಪರವಾನಗಿಯೇ ರದ್ದಾಯಿತು, ಜುಲೈನಲ್ಲಿ ಪ್ರತಿ ಚಂದಾದಾರನಿಗೂ 72 ಲಿವ್ರ್ (ಆಗಿನ ಫ್ರೆಂಚ್ ಹಣ) ಹಿಂದಿರುಗಿಸಿ ಎಂಬ ಆಜ್ಞೆ ಬಂತು.

ಇಲ್ಲಿ ಪುಸ್ತಕವನ್ನು ಉಳಿಸಿದವನು ಪುಸ್ತಕಗಳ ಮೇಲಿನ ಸರ್ಕಾರಿ ಅಧಿಕಾರಿ ಮಾಲ್ಜೆರ್ಬ್. 1752ರಲ್ಲಿ, ಹಸ್ತಪ್ರತಿ ಜಪ್ತಿಗೆ ತಾನೇ ಆಜ್ಞೆ ಹೊರಡಿಸಬೇಕಾದಾಗ, ಅವನ್ನು ತನ್ನ ಮನೆಯಲ್ಲೇ ಬಚ್ಚಿಟ್ಟ ಎಂದು ದಿದೆರೊನ ಮಗಳು ಬರೆದಿದ್ದಾಳೆ. 1759ರಲ್ಲಿ ಆ 72 ಲಿವ್ರನ್ನು ಚಿತ್ರಫಲಕಗಳ ಸಂಪುಟಗಳ ಬಾಬ್ತಿಗೆ ತಿರುಗಿಸಿಕೊಳ್ಳಲು ಪ್ರಕಾಶಕರಿಗೆ ಹಾದಿ ಸಿಕ್ಕಿತು. ಚಿತ್ರಗಳಿಗೆ ಹೊಸ ಪರವಾನಗಿ, ಬರಹಕ್ಕೆ ಮೌನಸಮ್ಮತಿ. ಬರಹದ ಸಂಪುಟಗಳ ಮೇಲೆ ಫ್ರಾನ್ಸಿನ ಹೊರಗಿನ ನೋಶಾತೆಲ್ ಊರಿನ ಸಾಮ್ಯುಯೆಲ್ ಫೋಶ್ ಎಂಬ ಸುಳ್ಳು ವಿಳಾಸ. ಕೆಲಸವೆಲ್ಲ ನಡೆದದ್ದು ಪ್ಯಾರಿಸ್ಸಿನಲ್ಲೇ.

ಈಗ ಲೆ ಬ್ರೆಟನ್‌ನ ಜಾಗದಲ್ಲಿ ನಿಂತು ನೋಡಿ. ಅವನು ರಾಜನ ಅಧಿಕೃತ ಮುದ್ರಕ, ವರ್ಷವರ್ಷದ ರಾಜಪಂಚಾಂಗದ ಹಕ್ಕು ಅವನದು. ಹತ್ತು ಸಂಪುಟ ಒಟ್ಟಿಗೆ ಹೊರಬಿದ್ದ ದಿನ ಒಂದು ಸಾಲು ಯಾರ ಕಣ್ಣಿಗಾದರೂ ಚುಚ್ಚಿದರೆ ಉಗ್ರಾಣವೇ ಜಪ್ತಿ. ಹೆದರಿಕೆ ನಿಜವಾದದ್ದೇ. 1766ರಲ್ಲಿ ವರ್ಸೇಲ್ಸ್‌ನಲ್ಲಿ ಪ್ರತಿ ಹಂಚಿದ್ದಕ್ಕೆ ಅವನು ಒಂದು ವಾರ ಬ್ಯಾಸ್ಟೀಲ್ ಸೆರೆಮನೆಯಲ್ಲಿ ಕೂತ. ಆದರೂ ಇದನ್ನು ಕ್ಷಮಿಸುವುದು ನನ್ನಿಂದಾಗದು. ಹೆದರಿದ್ದರೆ ಸಂಪಾದಕನ ಮುಂದೆ ಕೂತು "ಈ ಸಾಲು ಬೇಡ" ಎನ್ನಬಹುದಿತ್ತು. ಬದಲಿಗೆ, ಇಪ್ಪತ್ತು ವರ್ಷ ದುಡಿದವರ ಬರಹವನ್ನು ಅವರ ಬೆನ್ನ ಹಿಂದೆ ಕೊಯ್ದು, ಅವರ ಗುರುತಿನ ಅಕ್ಷರವನ್ನೇ ಕೆಳಗೆ ಉಳಿಸಿ ಅಚ್ಚುಹಾಕಿದ.

ಕಡತಶೋಧ:
ಎಷ್ಟು ಕಳೆಯಿತು ಎಂಬುದಕ್ಕೆ ಬರುತ್ತೇನೆ.

1764ರ ನವೆಂಬರಿನಲ್ಲಿ ದಿದೆರೊ ತನ್ನದೇ ಒಂದು ಲೇಖನವನ್ನು, ಅರಬರ ತತ್ತ್ವಶಾಸ್ತ್ರದ ಮೇಲೆ "ಸಾರಸೆನರು" ಹೆಸರಿನಲ್ಲಿ ಬರೆದದ್ದನ್ನು, ಅಚ್ಚಾದ ಹಾಳೆಯಲ್ಲಿ ತೆರೆದ. ಬರೆದದ್ದು ಅಲ್ಲಿರಲಿಲ್ಲ. ಅದು 14ನೇ ಸಂಪುಟ. ಹಿಂದಿನ ಹಾಳೆಗಳನ್ನು ತಿರುವಿದಾಗ ಉಳಿದದ್ದೂ ಗೊತ್ತಾಯಿತು. ನವೆಂಬರ್ 12ರಂದು ಲೆ ಬ್ರೆಟನ್‌ಗೆ ಬರೆದ ಪತ್ರ ಓದಿದರೆ ಕೈ ನಡುಗುತ್ತದೆ. ಎರಡು ವರ್ಷ ಹೇಡಿಯ ಹಾಗೆ ಮೋಸಮಾಡಿದೆ, ಇಪ್ಪತ್ತು ಮಂದಿ ಸಜ್ಜನರ ದುಡಿಮೆಯನ್ನು ಒಬ್ಬ ಒರಟನ ಕೈಯಲ್ಲಿ ಕೊಚ್ಚಿಸಿದೆ ಎಂದು ಹೇಳುತ್ತಾನೆ. ಆದರೂ ಕೆಲಸ ಬಿಡಲಿಲ್ಲ, ಬಹಿರಂಗಪಡಿಸಲೂ ಇಲ್ಲ. ಬಹಿರಂಗಪಡಿಸಿದರೆ ಗುಟ್ಟಿನ ಮುದ್ರಣವೇ ಬಯಲಾಗುತ್ತಿತ್ತು.

ಲೆ ಬ್ರೆಟನ್ ಎಲ್ಲವನ್ನೂ ಸುಡಲಿಲ್ಲ. ತಿದ್ದಿದ ಕರಡಚ್ಚುಗಳಲ್ಲಿ ಒಂದಷ್ಟು ಉಳಿದು, ಒಂದೇ ಪುಸ್ತಕವಾಗಿ ಬೈಂಡಾಗಿ, 20ನೇ ಶತಮಾನದಲ್ಲಿ ಅಮೆರಿಕದ ಸಂಗ್ರಾಹಕ ಡಗ್ಲಸ್ ಗಾರ್ಡನ್ ಕೈಸೇರಿತು. ಗಾರ್ಡನ್ ಮತ್ತು ನಾರ್ಮನ್ ಟಾರಿ 1947ರಲ್ಲಿ ಅದರ ಅಧ್ಯಯನ ಪ್ರಕಟಿಸಿದರು. ಇದನ್ನೇ ವಿದ್ವಾಂಸರು "ಹದಿನೆಂಟನೇ ಸಂಪುಟ" ಎನ್ನುವುದು. ಹೊಡೆದುಹಾಕಿದ ಸಾಲುಗಳು ಅದರಲ್ಲಿ ಓದಲು ಸಿಗುತ್ತವೆ. ಸಂಶಯವಾದಿಗಳ ತತ್ತ್ವಶಾಸ್ತ್ರದ ಲೇಖನದಲ್ಲಿ ಚಿಂತಕ ಪಿಯೇರ್ ಬೇಲ್‌ನನ್ನು ಹೊಗಳಿದ ಭಾಗ ಅಂಥದ್ದೊಂದು. ಧಾರ್ಮಿಕ ಸಹಿಷ್ಣುತೆ, ಪಾದ್ರಿಗಳು, ದೈವಶಾಸ್ತ್ರ ಬಂದಲ್ಲೆಲ್ಲ ಕತ್ತರಿ ಚುರುಕು. ಸಿಕ್ಕ ಹಾಳೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ದಿದೆರೊ ಸಿಟ್ಟಿನಲ್ಲಿ ಬರೆದಷ್ಟು ವಿಸ್ತಾರವಾದ ನಾಶವಲ್ಲ. ಸಾವಿರಾರು ಲೇಖನಗಳಿಗೆ ಏನೂ ಆಗಿಲ್ಲ. ಪೆಟ್ಟು ಬಿದ್ದದ್ದು ಅವನು ಅತಿ ಕಾಳಜಿಯಿಂದ ಬರೆದ ಜಾಗಗಳಿಗೆ.

ಬಯಲುನುಡಿ:
ಒಂದು ತಕರಾರು. ಕತ್ತರಿಯನ್ನೆಲ್ಲ ಮುದ್ರಕನ ತಲೆಗೆ ಕಟ್ಟುವುದು ಬೇಡ. ಮೊದಲ ಏಳು ಸಂಪುಟಗಳಲ್ಲೂ ಸಂಪಾದಕರು ಹೇಳಬೇಕಾದ್ದನ್ನು ನೇರವಾಗಿ ಹೇಳಿದ್ದು ಕಡಿಮೆ. ದೊಡ್ಡ ಹೆಸರಿನ ಧಾರ್ಮಿಕ ಲೇಖನಗಳು ಸಪ್ಪೆ, ಸಂಪ್ರದಾಯಬದ್ಧ. ಚುರುಕು ಇರುವುದು ಯಾರೂ ತೆರೆಯದ ಸಣ್ಣ ನಮೂದುಗಳಲ್ಲಿ ಮತ್ತು "ಇದನ್ನೂ ನೋಡಿ" ಎಂಬ ಅಡ್ಡಸೂಚನೆಗಳಲ್ಲಿ. ನರಭಕ್ಷಕರ ನಮೂದು ಕೊನೆಗೆ, ರೊಟ್ಟಿಯನ್ನು ಕ್ರಿಸ್ತನ ದೇಹವೆಂದು ಸೇವಿಸುವ ಪ್ರಭುಭೋಜನ ಸಂಸ್ಕಾರದ ಲೇಖನ ನೋಡಿ ಎನ್ನುತ್ತದೆ. ಇದನ್ನು ದಿದೆರೊನ ಕುಚೇಷ್ಟೆ ಎಂದು ಎಲ್ಲರೂ ಉದ್ಧರಿಸುತ್ತಾರೆ, ಆದರೆ ಆ ಸೂಚನೆ ಚೇಂಬರ್ಸ್‌ನ ಇಂಗ್ಲಿಷ್ ಕೋಶದಿಂದಲೇ ಬಂದದ್ದು. ಗಟ್ಟಿ ಪುರಾವೆ ಬೇಕಾದರೆ ಐದನೇ ಸಂಪುಟದ "ವಿಶ್ವಕೋಶ" ಎಂಬ ಲೇಖನ ಓದಿ. ಒಂದು ಲೇಖನ ಕಟ್ಟಿದ್ದನ್ನು ಇನ್ನೊಂದು ಸದ್ದಿಲ್ಲದೆ ಕೆಡವುವಂತೆ ಸೂಚನೆಗಳನ್ನು ಹೆಣೆಯುವುದು ಹೇಗೆ ಎಂದು ದಿದೆರೊ ಅಲ್ಲಿ ಬಿಚ್ಚಿ ಹೇಳಿದ್ದಾನೆ. ತಂತ್ರವನ್ನು ಅಚ್ಚಿನಲ್ಲೇ ಹೇಳಿಬಿಟ್ಟ ಧೈರ್ಯ ನೋಡಿ.

ಮೊಳೆಪೆಟ್ಟಿಗೆ:
ಒಪ್ಪುತ್ತೇನೆ, ಆದರೆ ಎರಡೂ ಒಂದೇ ತಕ್ಕಡಿಗೆ ಬರುವುದಿಲ್ಲ ಬಯಲುನುಡಿಯವರೇ. ಸಂಪಾದಕ ಮರೆಮಾಚಿ ಬರೆದದ್ದು ಬರಹದೊಳಗೇ ಇದೆ, ಹುಡುಕಿದವನಿಗೆ ಸಿಗುತ್ತದೆ. ಮುದ್ರಕ ಕಿತ್ತದ್ದು ಬರಹದಲ್ಲಿ ಇಲ್ಲವೇ ಇಲ್ಲ. ಮೊದಲ ಸಂಪುಟದಲ್ಲೇ ರಾಜಕೀಯ ಅಧಿಕಾರದ ಮೇಲಿನ ಲೇಖನ, ಇತರರ ಮೇಲೆ ಆಳುವ ಹಕ್ಕನ್ನು ಯಾವ ಮನುಷ್ಯನಿಗೂ ಪ್ರಕೃತಿ ಕೊಟ್ಟಿಲ್ಲ ಎಂದೇ ಶುರುವಾಗುತ್ತದೆ. ಅದು ಲೆ ಬ್ರೆಟನ್‌ನ ಅಚ್ಚುಕೂಟದಲ್ಲೇ, 1751ರಲ್ಲೇ ಅಚ್ಚಾದದ್ದು.

ಹಳೆಹೊತ್ತಗೆ:
ಓದುಗೂಡು ಅವರ ಮೂರನೇ ಪ್ರಶ್ನೆ ಬಾಕಿ ಇದೆ. ಯಾರು ಬರೆದದ್ದೆಂದು ಗುರುತಿಸುವಾಗ ಜನ ಎಡವುವ ಜಾಗಗಳನ್ನು ಹೇಳುತ್ತೇನೆ.

ಲೇಖನದ ಕೊನೆಯ ಅಕ್ಷರವೇ ಸಹಿ. (O) ಎಂದಿದ್ದರೆ ದಲಾಂಬೇರ್, (S) ರೂಸೋ, (G) ದೈವಶಾಸ್ತ್ರ ಬರೆದ ಮಾಲೆ ಎಂಬ ಪಾದ್ರಿ, (I) ಪ್ರಾಣಿಶಾಸ್ತ್ರದ ದೋಬಾಂತೋನ್, (D.J.) ಜೋಕೂರ್. ಮೊದಲ ಸಂಪುಟದ ನಿಯಮದ ಪ್ರಕಾರ ಅಕ್ಷರವೇ ಇಲ್ಲದವು ದಿದೆರೊ ಲೇಖಕನಾಗಿ ಬರೆದವು, ಆರಂಭದಲ್ಲಿ ನಕ್ಷತ್ರ ಚಿಹ್ನೆ ಇದ್ದವು ಸಂಪಾದಕನಾಗಿ ಸೇರಿಸಿದವು. ಈ ನಿಯಮವನ್ನು ಕೊನೆಯವರೆಗೂ ಎಳೆಯಬಾರದು. ಮುಂದಿನ ಸಂಪುಟಗಳಲ್ಲಿ ಹೆಸರು ಹೇಳಲು ಹೆದರಿದವರೂ ಸಹಿ ಇಲ್ಲದೆ ಬರೆದರು, ನಾಸ್ತಿಕ ಚಿಂತಕ ದೊಲ್‌ಬಾಕ್ ಅವರಲ್ಲೊಬ್ಬ. ನಕ್ಷತ್ರವೂ ವಿರಳವಾಯಿತು. 8ನೇ ಸಂಪುಟದ ನಂತರ ಸಹಿ ಇಲ್ಲದ ಲೇಖನವನ್ನು ಬೇರೆ ಪುರಾವೆ ಇಲ್ಲದೆ ದಿದೆರೊನದೆಂದು ಹೇಳಬೇಡಿ.

ಇನ್ನು ಆವೃತ್ತಿ. ಪ್ಯಾರಿಸ್ ಫೋಲಿಯೊ ಒಂದೇ ಅಲ್ಲ. 1770ರ ದಶಕದ ಜಿನೀವಾ ಫೋಲಿಯೊ ಅದನ್ನು ಪುಟಕ್ಕೆ ಪುಟ ಹೋಲುತ್ತದೆ. ಇಟಲಿಯ ಲುಕ್ಕಾ ಆವೃತ್ತಿಯಲ್ಲಿ ಚರ್ಚಿನ ನಿಲುವಿಗೆ ಹೊಂದುವ ಟಿಪ್ಪಣಿಗಳಿವೆ. 1777ರಿಂದ ಬಂದ ಕ್ವಾರ್ಟೊ (ಹಾಳೆಯನ್ನು ಎರಡು ಸಲ ಮಡಚಿದ ಗಾತ್ರದ) ಆವೃತ್ತಿ, ಆಮೇಲೆ ಬೇರೆಯವರು ತಂದ ಪುರವಣಿಯ ಲೇಖನಗಳನ್ನು ಮೂಲದೊಳಗೇ ಬೆರೆಸಿತು, ಅದರಿಂದ ಉದ್ಧರಿಸಿದರೆ ದಿದೆರೊನ ಸಂಪಾದನೆಯಲ್ಲೇ ಇಲ್ಲದ ಮಾತು ಅವನ ಬಾಯಿಗೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಇವೆರ್ದೋನ್ ವಿಶ್ವಕೋಶವಂತೂ ಬೇರೆಯವರು ತಿದ್ದಿ ಬರೆದ ಬೇರೆಯೇ ಪುಸ್ತಕ. ಅಂತರ್ಜಾಲದಲ್ಲಿ ಓದುವುದಾದರೆ ಫ್ರೆಂಚ್ ವಿಜ್ಞಾನ ಅಕಾಡೆಮಿಯ ತಾಣ ಅನುಕೂಲ. ಮಜಾರಿನ್ ಗ್ರಂಥಾಲಯದ ಮೊದಲ ಮುದ್ರಣದ ಪ್ರತಿ ಪುಟಪುಟವಾಗಿ ಅಲ್ಲಿದೆ. ಪದ ಹುಡುಕಲು ಷಿಕಾಗೊ ವಿಶ್ವವಿದ್ಯಾಲಯದ ಆರ್ಟ್‌ಫ್ಲ್ ಒಳ್ಳೆಯದು. ಫ್ರೆಂಚ್ ಬಾರದವರಿಗೆ ಮಿಷಿಗನ್ ವಿಶ್ವವಿದ್ಯಾಲಯದ ಇಂಗ್ಲಿಷ್ ಅನುವಾದ ಯೋಜನೆ ಇದೆ, ಎಲ್ಲ ಲೇಖನಗಳೂ ಅನುವಾದವಾಗಿಲ್ಲ.

ಕುಲುಮೆ:
ಚಾಕು ಮಾಡುವವನ ಮಗ ಎಂದು ಹಳೆಹೊತ್ತಗೆಯವರು ಬಿಟ್ಟದ್ದನ್ನು ಎತ್ತಿಕೊಳ್ಳುತ್ತೇನೆ. ನನ್ನ ಮಟ್ಟಿಗೆ ಈ ಪುಸ್ತಕದ ಜೀವ ಇರುವುದು ಕಸುಬುಗಳ ಲೇಖನಗಳಲ್ಲಿ. ಲೆ ಬ್ರೆಟನ್‌ನ ಕತ್ತರಿ ಅವನ್ನು ಮುಟ್ಟುವ ಕಾರಣವೇ ಇರಲಿಲ್ಲ.

ಗುಂಡುಸೂಜಿ ನಮೂದು ನೋಡಿ, ಐದನೇ ಸಂಪುಟ, 1755. ಬರೆದವನು ದೆಲೇರ್. ಇಂಗ್ಲಿಷ್ ತತ್ತ್ವಜ್ಞಾನಿ ಬೇಕನ್‌ನ ಚಿಂತನೆಯ ಮೇಲೆ ತಾನು ಬರೆದ ಪುಸ್ತಕ ಅಚ್ಚಿಗೆ ಕೊಟ್ಟ ಹೊತ್ತಿನಲ್ಲೇ ಅವನು ಕೆಲಸಗಾರರ ಅಂಗಡಿಯಲ್ಲಿ ನಿಂತು ಸೂಜಿ ಮಾಡುವುದನ್ನು ಬರೆದುಕೊಂಡ ಎಂದು ದಿದೆರೊ ಲೇಖನದ ಕೊನೆಗೆ ಹೆಮ್ಮೆಯಿಂದ ಸೇರಿಸಿದ್ದಾನೆ. ಹಿತ್ತಾಳೆ ತಂತಿಯಿಂದ ಸೂಜಿಯವರೆಗೆ 18 ಹಂತ. ತಂತಿಯನ್ನು ಎಳೆದು ನೇರಮಾಡಿ, ತುಂಡರಿಸಿ, ಸಾಣೆಯಲ್ಲಿ ಮೊನೆ ಮಾಡುತ್ತಾರೆ. ತಲೆ ಬೇರೆಯೇ ತಯಾರಾಗುತ್ತದೆ: ಸಣ್ಣ ತಂತಿಯನ್ನು ಸುರುಳಿ ಸುತ್ತಿ, ಎರಡೆರಡು ಸುತ್ತುಗಳಂತೆ ಕತ್ತರಿಸಿ, ಕಾಯಿಸಿ ಮೆದುಮಾಡಿ, ಕಡ್ಡಿಗೆ ಪೋಣಿಸಿ, ಬಡಿದು ಕೂರಿಸಬೇಕು. ಕಾಯಿಸದಿದ್ದರೆ ಸುರುಳಿ ಕಡ್ಡಿಯನ್ನು ಕಚ್ಚಿ ಹಿಡಿಯದೆ ತಲೆ ಜಾರುತ್ತದೆ. ಕೊನೆಗೆ ತವರದ ಕಲಾಯಿ, ಹೊಳಪು, ಕಾಗದಕ್ಕೆ ಚುಚ್ಚುವುದು. ಆಡಮ್ ಸ್ಮಿತ್ 1776ರಲ್ಲಿ ಶ್ರಮವಿಭಜನೆಗೆ ಕೊಟ್ಟ ಉದಾಹರಣೆಯಲ್ಲೂ ಸೂಜಿಗೆ ಸುಮಾರು 18 ಕೆಲಸಗಳೇ.

ಫಲಕಗಳಲ್ಲಿ 900ಕ್ಕೂ ಹೆಚ್ಚನ್ನು ಬಿಡಿಸಿದವನು ಲೂಯಿ-ಜಾಕ್ ಗೂಸ್ಯೇ. ಕಾಗದ ಮಾಡುವುದನ್ನು ನೋಡಲು ಮೋಂತಾರ್ಜಿ ಬಳಿಯ ಲಾಂಗ್ಲೇ ಕಾರ್ಖಾನೆಗೇ ಹೋಗಿ ಕೂತವನು. ಫಲಕದ ಮೇಲರ್ಧದಲ್ಲಿ ಕೆಲಸ ನಡೆಯುತ್ತಿರುವ ಅಂಗಡಿ, ಕೆಳಗರ್ಧದಲ್ಲಿ ಬಿಡಿಬಿಡಿ ಉಪಕರಣಗಳು. ಓದುವಾಗ ಒಂದು ತೊಡಕು: ಲೇಖನ 1751ರದ್ದಾದರೆ ಫಲಕಗಳ ಮೊದಲ ಸಂಪುಟ ಬಂದದ್ದೇ 1762ರಲ್ಲಿ. ಹಾಗಾಗಿ ಲೇಖನ ಹೇಳುವ ಚಿತ್ರಸಂಖ್ಯೆ ಫಲಕಕ್ಕೆ ಎಷ್ಟೋ ಕಡೆ ತಾಳೆಯಾಗುವುದಿಲ್ಲ. ಫಲಕ ಸಂಪುಟದಲ್ಲೇ ಇರುವ ವಿವರಣೆಯ ಜೊತೆ ಇಟ್ಟು ಓದಿ. ಇನ್ನೊಂದು, ಅಲ್ಲಿನ ಅಂಗಡಿಗಳು ಅಷ್ಟು ಚೊಕ್ಕಟವಾಗಿರುವುದು ಚಿತ್ರಕಾರನ ಆಯ್ಕೆ. ಹೊಗೆ, ಇಕ್ಕಟ್ಟು, ಕೆಮ್ಮು ಅಲ್ಲಿ ಕಾಣುವುದಿಲ್ಲ.

ಓದುಗೂಡು:
ಎಲ್ಲರಿಗೂ ಧನ್ಯವಾದ. ಜೋಕೂರ್ ಹೆಸರು ಹಾಗೇ ಹಾದುಹೋಯಿತು. ಅವನ ಬಗ್ಗೆ ಯಾರಾದರೂ ಬರೆಯುವಿರಾ? ಗುಲಾಮಗಿರಿಯ ವಿರುದ್ಧದ ಲೇಖನ ಅವನದೇ ಅಲ್ಲವೇ?

ಬಯಲುನುಡಿ:
ಅವನದೇ. ಶೆವಾಲಿಯೇ ಲೂಯಿ ದ ಜೋಕೂರ್. ಸುಮಾರು 72,000 ಲೇಖನಗಳಲ್ಲಿ 17,000ಕ್ಕೂ ಹೆಚ್ಚು, ಹತ್ತಿರ ಹತ್ತಿರ ಕಾಲು ಭಾಗ, ಅವನೊಬ್ಬನ ಕೈಯದು. ಹಾಲೆಂಡಿನ ಲೈಡನ್‌ನಲ್ಲಿ ಹೆಸರಾಂತ ವೈದ್ಯ ಬೂರ್ಹಾವೆಯ ಬಳಿ ವೈದ್ಯ ಓದಿದವನು. ಆರು ಸಂಪುಟದ ವೈದ್ಯಕೋಶದ ಹಸ್ತಪ್ರತಿ ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ಹಡಗಿನ ಜೊತೆ ಮುಳುಗಿತು. ವಿಶ್ವಕೋಶಕ್ಕೆ ಬರೆಯಲು ತನ್ನದೇ ಖರ್ಚಿನಲ್ಲಿ ಲಿಪಿಕಾರರನ್ನು ಇಟ್ಟುಕೊಂಡು, ಅವರ ಸಂಬಳಕ್ಕೆ ಪ್ಯಾರಿಸ್ಸಿನ ಮನೆ ಮಾರಿದ. ಕೊಂಡವನು ಲೆ ಬ್ರೆಟನ್.

16ನೇ ಸಂಪುಟದ ಗುಲಾಮರ ವ್ಯಾಪಾರದ ಲೇಖನ ಧರ್ಮ, ನೀತಿ, ನಿಸರ್ಗದ ನ್ಯಾಯ ಎಲ್ಲವನ್ನೂ ಈ ವ್ಯಾಪಾರ ಮುರಿಯುತ್ತದೆ ಎಂದು ಖಡಾಖಂಡಿತ ಹೇಳುತ್ತದೆ. ಅದರ ವಾದದ ಬಹುಪಾಲು ಸ್ಕಾಟ್ಲೆಂಡಿನ ನ್ಯಾಯವಾದಿ ಜಾರ್ಜ್ ವಾಲೇಸ್‌ನಿಂದ ತಂದದ್ದು. ಜೋಕೂರ್ ಹೀಗೆ ಬೇರೆಯವರ ಪುಟಗಳನ್ನು ಎತ್ತಿ ಹೊಂದಿಸುವುದು ಮಾಮೂಲು. ಅದಕ್ಕೇ ಅವನನ್ನು ಬರಿಯ ನಕಲುಗಾರ ಎಂದು ತಳ್ಳಿಹಾಕಿದವರಿದ್ದಾರೆ. ಅದು ಅನ್ಯಾಯ. ಆ ವಾದ ಸಾವಿರಾರು ಮನೆಗಳಿಗೆ ತಲುಪಿದ್ದು ಅವನಿಂದ. ಆದರೆ 11ನೇ ಸಂಪುಟವನ್ನೂ ತೆರೆಯಬೇಕು. ಅಲ್ಲಿ ಲ ರೊಮೇನ್ ಎಂಬವನು ವಸಾಹತುಗಳ ಕಪ್ಪು ಗುಲಾಮರನ್ನು ಸರಕಿನ ಹಾಗೆ ವರ್ಣಿಸುತ್ತಾನೆ. ಎರಡೂ ಒಂದೇ ಪುಸ್ತಕದಲ್ಲಿ ಅಚ್ಚಾಗಿವೆ. "ವಿಶ್ವಕೋಶ ಗುಲಾಮಗಿರಿಯನ್ನು ವಿರೋಧಿಸಿತು" ಎಂದು ಸಾರಾಸಗಟಾಗಿ ಬರೆಯುವವರು ಈ ಲೇಖನ ಓದಿರುವುದಿಲ್ಲ.

ಹಳೆಹೊತ್ತಗೆ:
ದುಡ್ಡಿನ ಬಗ್ಗೆ ಒಂದು ಮಾತು. ಚಂದಾ ಕರೆದಾಗ ಹೇಳಿದ್ದು ಹತ್ತು ಸಂಪುಟಕ್ಕೆ 280 ಲಿವ್ರ್, ಕೊನೆಗೆ ಬಿದ್ದದ್ದು 980. ಲೂನೋ ದ ಬ್ವಾಜೆರ್ಮೇನ್ ಎಂಬ ಚಂದಾದಾರ, ದೊಡ್ಡ ಮೊಳೆ ಹಾಕಿ ಸಂಪುಟ ಹೆಚ್ಚಿಸಿದರೆಂದು 1769ರಲ್ಲಿ ಪ್ರಕಾಶಕರ ಮೇಲೆ ದಾವೆ ಹೂಡಿ, ವರ್ಷಗಟ್ಟಲೆ ನಡೆಸಿ, 1778ರಲ್ಲಿ ಸೋತ.

ಕಡತಶೋಧ:
ದಿದೆರೊ ಬಿಟ್ಟುಹೋದ ಕಾಗದಗಳ ಗತಿಯನ್ನೂ ಇಲ್ಲೇ ದಾಖಲಿಸುತ್ತೇನೆ. 1765ರಲ್ಲಿ ಮಗಳ ಮದುವೆಗೆ ಹಣ ಹೊಂದಿಸಲು ತನ್ನ ಗ್ರಂಥಸಂಗ್ರಹ ಮಾರಲು ಹೊರಟಾಗ ರಷ್ಯಾದ ಎರಡನೇ ಕ್ಯಾಥರೀನ್ 15,000 ಲಿವ್ರ್ ಕೊಟ್ಟು ಕೊಂಡಳು. ಅವನು ಬದುಕಿರುವವರೆಗೂ ಪುಸ್ತಕಗಳು ಅವನಲ್ಲೇ ಇರಲಿ, ಅವನೇ ಗ್ರಂಥಪಾಲಕನಾಗಿರಲಿ ಎಂದು ಸಂಬಳವನ್ನೂ ಗೊತ್ತುಮಾಡಿದಳು. 1784ರಲ್ಲಿ ಅವನು ತೀರಿಕೊಂಡ ಮೇಲೆ ಪುಸ್ತಕಗಳು ಪೀಟರ್ಸ್‌ಬರ್ಗಿಗೆ ಹೋಗಿ ಅರಮನೆಯ ಸಂಗ್ರಹದಲ್ಲಿ ಬೆರೆತವು. ಪಟ್ಟಿ ಉಳಿಯದ ಕಾರಣ ಯಾವುದು ಅವನದೆಂದು ಒಂದೊಂದಾಗಿ ಹುಡುಕಬೇಕಾಗಿದೆ. ವಾಲ್ಟೇರ್‌ನ 6,800ರಷ್ಟು ಪುಸ್ತಕಗಳನ್ನೂ ಅವಳೇ ಕೊಂಡಳು, ಅವು ಒಟ್ಟಿಗೇ ಉಳಿದು ಇಂದಿಗೂ ರಷ್ಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.

ಅವನ ಅತ್ಯುತ್ತಮ ಕೃತಿಗಳು ಬದುಕಿದ್ದಾಗ ಪುಸ್ತಕವಾಗಿ ಅಚ್ಚಾಗಲೇ ಇಲ್ಲ. "ರಾಮೋನ ಸೋದರಳಿಯ" ಎಂಬ ಸಂಭಾಷಣಾ ರೂಪದ ಕೃತಿ ಲೋಕಕ್ಕೆ ಮೊದಲು ಸಿಕ್ಕಿದ್ದು 1805ರಲ್ಲಿ ಗಯಟೆ ಮಾಡಿದ ಜರ್ಮನ್ ಅನುವಾದದಲ್ಲಿ. 1821ರಲ್ಲಿ ಫ್ರೆಂಚರು ಓದಿದ್ದು ಆ ಜರ್ಮನ್ನಿನಿಂದ ಮತ್ತೆ ಫ್ರೆಂಚಿಗೆ ತಂದದ್ದನ್ನು. ದಿದೆರೊನ ಸ್ವಂತ ಕೈಬರಹದ ಪ್ರತಿಯನ್ನು ಜಾರ್ಜ್ ಮೋನ್ವಾಲ್ 1890ರಲ್ಲಿ ಪ್ಯಾರಿಸ್ಸಿನ ನದೀದಂಡೆಯ ಹಳೆಪುಸ್ತಕದ ಅಂಗಡಿಯಲ್ಲಿ ಕಂಡ. ಈಗ ಅದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಮಗಳ ಮನೆತನದಲ್ಲಿ ಉಳಿದಿದ್ದ ಹಸ್ತಪ್ರತಿಗಳ ರಾಶಿಯನ್ನು ಹರ್ಬರ್ಟ್ ಡೀಕ್‌ಮನ್ ಬೆಳಕಿಗೆ ತಂದದ್ದು 1948ರಲ್ಲಿ. ಆದ್ದರಿಂದ ಅದಕ್ಕಿಂತ ಹಳೆಯ ಸಂಪಾದನೆಯ ದಿದೆರೊ ಸಮಗ್ರ ಸಂಪುಟ ಹಿಡಿದು ಕೂತವರು ಪಾಠವನ್ನು ಹೊಸ ಆವೃತ್ತಿಯ ಜೊತೆ ತಾಳೆ ನೋಡಿಯೇ ಉದ್ಧರಿಸಿ.